ಹನ್ನೆರಡು ಕೊಂಡಿ

ಬಾದಾಮಿ ಸ್ಟೇಶನ್ನಿನ ಕ್ವಾರ್ಟರ್ಸಿನಲ್ಲಿ ಸುಂದರವ್ವನನ್ನು ಹಟಮಾರಿ ಎಂದು ಕರೆಯುವವರಿದ್ದರು. ಅದು ಅಷ್ಟು ಸರಿಯಲ್ಲ. ಹಟಮಾರಿಗಳು ಕೂಗಾಡುತ್ತಾರೆ, ಅವಳು ಕೂಗಾಡುತ್ತಿರಲಿಲ್ಲ. ಕೌದಿ ಹೊಲಿಯಲು ಕುಳಿತರೆ ಕೊನೆಯ ಮೂಲೆ ಮುಗಿಯುವವರೆಗೆ ಏಳುತ್ತಿರಲಿಲ್ಲ, ಅಷ್ಟೇ. ನಡುವೆ ಊಟಕ್ಕೆ ಕರೆದರೆ "ಆತು" ಎನ್ನುವಳು, ಏಳುವಳಲ್ಲ. ತಮ್ಮ ಮುತ್ತಪ್ಪ ರೇಲ್ವೆಯ ಗ್ಯಾಂಗ್‌ಮನ್. ದಿನವಿಡೀ ಹಳಿಯ ಮೇಲೆ ಸುತ್ತಿಗೆ ಬಡಿದು ಬಂದವನು, ಅಕ್ಕನ ಮುಂದೆ ಮಾತ್ರ ಎರಡನೆಯ ಸಲ ಬಾಯಿ ತೆರೆಯುತ್ತಿರಲಿಲ್ಲ.

ಅವಳು ಹುಟ್ಟಿದ್ದೂ ಇಳಕಲ್ಲಿನಲ್ಲಿ, ಕೊಟ್ಟದ್ದೂ ಇಳಕಲ್ಲಿನಲ್ಲೇ. ಗಂಡ ನೇಕಾರ, ಇವಳದು ಕೊಂಡಿ ಹಾಕುವ ಕೆಲಸ. ಇಳಕಲ್ ಸೀರೆಯ ಕೆಂಪು ಸೆರಗನ್ನು ಎಲ್ಲರೂ ನೋಡಿದ್ದಾರೆ. ಅದು ಸೀರೆಯ ಮೈಗೆ ಹೇಗೆ ಕೂಡಿತು ಎಂದು ಕೇಳಿದರೆ ಉಟ್ಟವರೇ ಬಾಯಿ ಬಾಯಿ ಬಿಡುತ್ತಾರೆ. ಮೈಯ ಹಾಸು, ಎಂದರೆ ಮಗ್ಗಕ್ಕೆ ಹೂಡುವ ಉದ್ದೆಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎದುರುಬದುರು ಎಳೆದು ಕಟ್ಟಿ, ಈ ಕಡೆಯ ಎಳೆಗೆ ಆ ಕಡೆಯ ಎಳೆಯನ್ನು ಬೆರಳಲ್ಲೇ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೇ ಕೊಂಡಿ ಎನ್ನುವುದು. ಒಂದು ಸೀರೆಗೆ ಅಂಥವು ಸಾವಿರಾರು. ಸುಂದರವ್ವನ ಕೈಯ ಕೊಂಡಿಯಿದ್ದ ಸೆರಗಿನ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲಿ ಕೂಡಿದೆ ಎಂದು ತಿಳಿಯುತ್ತಿರಲಿಲ್ಲ. ಮದುವೆ ಸೀರೆಯ ಹಾಸು ಬಂದರೆ ಮಗ್ಗದ ಮನೆಯ ಯಜಮಾನಿ ಇಂದ್ರವ್ವ ಬೇರೆ ಯಾರನ್ನೂ ಕೂಗುತ್ತಿರಲಿಲ್ಲ.

ಅವಳಿಗೆ ಇಪ್ಪತ್ತೆಂಟಾದಾಗ ಗಂಡ ಜ್ವರದಲ್ಲಿ ತೀರಿಕೊಂಡ. ದಿನಗಳೆಲ್ಲ ಮುಗಿದ ಮೇಲೆ ಸುಂದರವ್ವ ಕೆಲಸಕ್ಕೆ ಹೋದಳು. ಇಂದ್ರವ್ವ ಕೆಟ್ಟವಳಲ್ಲ. ರೇಷ್ಮೆ ಮುಟ್ಟುವ ಮೊದಲು ಕೈ ತೊಳೆದಿರಬೇಕು ಎನ್ನುವುದೊಂದನ್ನು ಬಿಟ್ಟರೆ ಕೆಲಸದವರ ಮೇಲೆ ಆಕೆಯದು ಯಾವ ಜೋರೂ ಇರಲಿಲ್ಲ. ಆ ದಿನ ಸುಂದರವ್ವ ಎಂದಿನಂತೆ ಕೈ ತೊಳೆದು ಬಂದು, ಎಳೆದು ಕಟ್ಟಿದ್ದ ಮದುವೆಯ ಹಾಸಿನ ಮುಂದೆ ಕುಳಿತಳು. ಇಂದ್ರವ್ವ ಬಂದು ಹೆಗಲ ಮೇಲೆ ಕೈಯಿಟ್ಟಳು.

"ಸುಂದ್ರಾ, ಮದುವಿ ಸೀರಿಗೆ ಇನ್ನ ನಿನ್ನ ಕೈ ಬ್ಯಾಡವ್ವಾ. ದಿನಾ ಉಡೂ ಸೀರಿ ಅದಾವಲ್ಲ, ಅವನ್ನ ಮಾಡು."

ಬೈದಿದ್ದರೆ ಇವಳೂ ಏನಾದರೂ ಅನ್ನುತ್ತಿದ್ದಳು. ಅಷ್ಟು ಮೆತ್ತಗೆ ಹೇಳಿದವಳೊಡನೆ ಜಗಳವಾಡುವುದು ಹೇಗೆ? ಕೆಲಸ ಮುಗಿಯದೆ ಏಳದ ಸುಂದರವ್ವ ಕೆಲಸ ಸುರು ಮಾಡದೆಯೇ ಎದ್ದು ಹೋದಳು. ತಿಂಗಳೊಳಗೆ ಊರನ್ನೇ ಬಿಟ್ಟು ತಮ್ಮನ ಮನೆ ಸೇರಿದಳು. ಅವಳಿಗೆ ಇಂದ್ರವ್ವನ ಮೇಲೆ ಅಷ್ಟು ಸಿಟ್ಟಿರಲಿಲ್ಲ. ಎದ್ದು ಬಂದ ತನ್ನ ಮೇಲೆ ಇತ್ತು, ಅದು ಎಷ್ಟು ವರ್ಷವಾದರೂ ಇಳಿಯಲಿಲ್ಲ.

೧೯೫೪ರಲ್ಲಿ ಬನಶಂಕರಿ ಜಾತ್ರೆಗೆ ಬಂದ ಮಂದಿಯೆಲ್ಲ ರೈಲು ಹತ್ತಿ ಸ್ಟೇಶನ್ನು ತಣ್ಣಗಾದ ಮೇಲೆ, ಒಂದು ಮಧ್ಯಾಹ್ನ ಸಾಹೇಬರ ಮನೆಯಿಂದ ಅವಳಿಗೆ ಕರೆ ಬಂತು. ಸಾಹೇಬರೆಂದರೆ ಹಳಿಯ ಉಸ್ತುವಾರಿಯ ರೆಬೆಲೊ ಸಾಹೇಬರು, ಕ್ರಿಶ್ಚಿಯನ್ ಮಂದಿ. ನಾಲ್ಕು ವರ್ಷದ ಹಿಂದೆ ಹೆಂಡತಿ ತೀರಿಕೊಂಡಿದ್ದಳು. ಮಗಳು ವಿನಿಫ್ರೆಡ್ ಎಂಟು ವರ್ಷದವಳಿದ್ದಾಗಿನಿಂದ ಇಲ್ಲೇ ಬೆಳೆದವಳು. ಆ ಹೆಸರು ಕ್ವಾರ್ಟರ್ಸಿನ ನಾಲಿಗೆಗೆ ಒಗ್ಗದೆ ವಿನ್ನವ್ವ ಆಗಿತ್ತು. ತಾಯಿ ಸತ್ತಾಗ ಆಕೆಯ ಹಳೆಯ ಫ್ರಾಕುಗಳನ್ನೆಲ್ಲ ತುಂಡು ಮಾಡಿ ಸುಂದರವ್ವ ಆ ಹುಡುಗಿಗೆ ಒಂದು ಕೌದಿ ಹೊಲಿದುಕೊಟ್ಟಿದ್ದಳು. ವಿನ್ನವ್ವ ಅದನ್ನು ಬಿಟ್ಟು ಬೇರೆ ಹೊದೆಯುತ್ತಿರಲಿಲ್ಲ.

ಈಗ ವಿನ್ನವ್ವನ ಮದುವೆ. ವರ ಹುಬ್ಬಳ್ಳಿಯ ಗಾರ್ಡು. ಮಂಚದ ಮೇಲೆ ತಾಯಿಯ ಮದುವೆಯ ಬಿಳಿ ಸಾಟಿನ್ ಗೌನು ಹಾಸಿತ್ತು. ಮಂಚದ ಒಂದು ಕಡೆ ಹುಬ್ಬಳ್ಳಿಯಿಂದ ಬಂದಿದ್ದ ಸೋದರತ್ತೆ ಮೇಬಲ್, ಕೈಯಲ್ಲೊಂದು ಇಂಗ್ಲಿಷ್ ಚಿತ್ರದ ಪುಸ್ತಕ. ಇನ್ನೊಂದು ಕಡೆ ಬಾದಾಮಿ ಪೇಟೆಯ ಟೇಲರ್ ಖಾಸಿಂಸಾಬ, ಕೊರಳಲ್ಲಿ ಟೇಪು.

ಗೌನು ಮೈಗೆ ಅಂಟಿಕೊಂಡು ಕೆಳಗಿಳಿಯುವ ಸಪೂರದ ಹೊಲಿಗೆ. ಜಾಲರಿಯಿಲ್ಲ, ಹೂವಿಲ್ಲ, ನೆರಿಗೆಯೂ ಇಲ್ಲ. ಹಿಂದೆ ಮಾತ್ರ ನಾಲ್ಕು ಮೊಳ ಸಾಟಿನ್ ನೆಲದ ಮೇಲೆ ಹರಿದು ಬರುವಂತೆ ಬಿಟ್ಟಿದ್ದರು. ಪ್ರಾರ್ಥನೆಯಲ್ಲಿ ಅದು ಹಾಗೆ ಹರಡಿ ಬಂದರೇ ಚಂದ. ಆದರೆ ಮದುವೆ ಇಲ್ಲಿ, ಸಂಜೆಯ ಊಟ ಮತ್ತು ಕುಣಿತ ಹುಬ್ಬಳ್ಳಿಯಲ್ಲಿ. ಮದುಮಗಳು ಅದೇ ಗೌನಿನಲ್ಲಿ ಕೆಂಪು ಮಣ್ಣು ತುಳಿದು, ಇದ್ದಲ ಪುಡಿ ಬಿದ್ದ ಪ್ಲಾಟ್‌ಫಾರ್ಮ್ ದಾಟಿ, ಮಧ್ಯಾಹ್ನದ ಪ್ಯಾಸೆಂಜರ್ ಗಾಡಿ ಹತ್ತಬೇಕು. ಹಿಂದಿನ ಆ ಉದ್ದವನ್ನು ಎತ್ತಿ ಕಟ್ಟಲೇಬೇಕು, ಕಟ್ಟಿದ್ದು ಚಂದ ಕಾಣಬೇಕು, ಬಟ್ಟೆಗೆ ಕತ್ತರಿ ತಾಕಬಾರದು. ವಿನ್ನವ್ವನಿಗೆ ತಂಗಿಯೊಬ್ಬಳಿದ್ದಾಳೆ, ನಾಳೆ ಅವಳೂ ಅದನ್ನೇ ಉಡುವವಳು.

ಮೇಬಲ್ ಅತ್ತೆಯ ಪುಸ್ತಕದಲ್ಲಿ ಮೂರು ಬಗೆಯಿದ್ದವು. ಒಂದು, ಹಿಂದಿನ ಆ ಸೆರಗನ್ನು ಎತ್ತಿ ಸೊಂಟದ ಹಿಂದೆ ಹೊರಗಿನಿಂದಲೇ ಗುಂಡಿ ಹಾಕುವುದು. ಎರಡು, ತುದಿಗೊಂದು ಕುಣಿಕೆ ಹಚ್ಚಿ ಮುಂಗೈಗೆ ಸಿಕ್ಕಿಸಿಕೊಳ್ಳುವುದು. ಮೂರು, ಒಳಗಿನಿಂದ ಎತ್ತಿ ಕಟ್ಟುವುದು; ಇದರಲ್ಲಿ ಗೌನು ಹಿಂದೆ ತಾನಾಗಿಯೇ ಮಡಿಕೆ ಮಡಿಕೆಯಾಗಿ ಇಳಿದಂತೆ ಕಾಣುತ್ತದೆ. ಒಳಗೆ ಏನು ಕಟ್ಟಿದ್ದಾರೆ ಎನ್ನುವುದು ಚಿತ್ರದಲ್ಲಿ ಇರಲಿಲ್ಲ. ಅತ್ತೆ ಮೊದಲನೆಯದನ್ನು ಆರಿಸಿ ಆಗಿತ್ತು, ಮೇಲೊಂದು ರಿಬ್ಬನ್ ಹೂವನ್ನೂ ಕೊಂಡು ತಂದಿದ್ದಳು.

"ಒಂದ ಗುಂಡಿ, ಒಂದ ಕಾಜಾ. ಹತ್ತ ನಿಮಿಷದ ಕೆಲಸ" ಎಂದ ಖಾಸಿಂಸಾಬ.

"ನನಗ ಮೂರನೇದು ಬೇಕು" ಎಂದಳು ವಿನ್ನವ್ವ. "ಗುಂಡಿ ಹಾಕಿದ್ರ ಬೆನ್ನಿಗೆ ಗೂನು ಬಂದಂಗ ಕಾಣ್ತೈತಿ. ನಮ್ಮವ್ವನ ಗೌನು ಸುಂದರಕ್ಕ ನೋಡಲಿ, ಆಮ್ಯಾಲ ಮಾತಾಡೂಣು."

ಸುಂದರವ್ವ ಬಾಗಿಲ ಬಳಿಯೇ ನಿಂತಿದ್ದಳು. ಬಟ್ಟೆಯ ಮೇಲೆ ಅವಳ ಕಣ್ಣು ಆಗಲೇ ಬಿದ್ದಿತ್ತು. ಅಂಥ ನುಣುಪನ್ನು ಅವಳು ಮಗ್ಗದ ಮನೆ ಬಿಟ್ಟ ಮೇಲೆ ನೋಡಿರಲಿಲ್ಲ. ಮುಟ್ಟಬೇಕೆಂದು ಬೆರಳು ಜೀವ ಬಿಡುತ್ತಿದ್ದವು.

"ವಿನ್ನವ್ವ, ಇದು ಮದುವಿ ಅರಿವಿ. ನಾ ಮುಟ್ಟಬಾರ್ದು."

"ಯಾರ ಹೇಳ್ಯಾರ?"

"ಎಲ್ಲಾರೂ ಹೇಳ್ತಾರ."

"ನಮ್ಮ ಮನ್ಯಾಗ ಯಾರೂ ಹೇಳಿಲ್ಲ. ಬಾ."

ಇಳಕಲ್ಲಿನಲ್ಲಿ ಎದ್ದು ಹೋದದ್ದು ಸುಂದರವ್ವನಿಗೆ ನೆನಪಾಯಿತು. ಇಲ್ಲಿಂದಲೂ ಹೊರಟುಹೋಗಬಹುದಿತ್ತು, ಬಾಗಿಲು ಬೆನ್ನ ಹಿಂದೆಯೇ ಇತ್ತು. ಅವಳು ಹೊರಡಲಿಲ್ಲ. "ಕೈ ತೊಳಿಯಾಕ ನೀರ ಎಲ್ಲಿ ಅದಾವ?" ಎಂದು ಕೇಳಿದಳು.

ಕೈ ತೊಳೆದು, ಒರೆಸಿ, ಗೌನನ್ನು ತಿರುವಿ ಹಾಕಿ ಒಳಮೈಯನ್ನು ನೋಡಿದಳು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಹೊಲಿದಿದ್ದರು. ತುಸು ಎಳೆದರೂ ಹಿಗ್ಗುತ್ತಿತ್ತು. ಅಂಚಿನ ಒಂದು ಮೂಲೆಯಲ್ಲಿ ಖಾಸಿಂಸಾಬ ಪರೀಕ್ಷೆಗೆಂದು ಸೂಜಿ ಚುಚ್ಚಿ ತೆಗೆದಿದ್ದ. ಆ ತೂತು ಹಾಗೇ ಉಳಿದಿತ್ತು.

"ಖಾಸಿಂಬಾಬಾ, ಒಂದ ಬಟ್ಟಿನ ಮ್ಯಾಲ ಈ ಸೆರಗ ಎತ್ತಿ ಹಿಡೀರಿ."

ಅವನು ತೋರುಬೆರಳಿನ ಮೇಲೆ ಎತ್ತಿದ. ಬಟ್ಟೆಯ ಭಾರವೆಲ್ಲ ಆ ಒಂದು ಕಡೆ ಬಿದ್ದು, ಬೆರಳಿದ್ದಲ್ಲಿ ಸಾಟಿನ್ ಮೊನೆಯಾಗಿ ಎದ್ದು, ಅದರ ಸುತ್ತ ಸುಕ್ಕು ಹರಡಿತು.

"ಈಗ ಎರಡೂ ಕೈಯ ಹತ್ತೂ ಬಟ್ಟ ಅಗಲಿಸಿ ಹಿಡೀರಿ."

ಹಿಡಿದ. ಬಟ್ಟೆ ಸದ್ದಿಲ್ಲದೆ ಮಡಿಕೆಗೊಂಡು ಇಳಿಯಿತು. ಎಲ್ಲಿಯೂ ಮೊನೆಯಿಲ್ಲ, ಸುಕ್ಕಿಲ್ಲ. ಮೇಬಲ್ ಅತ್ತೆ ಪುಸ್ತಕದ ಮೂರನೆಯ ಚಿತ್ರವನ್ನು ಒಮ್ಮೆ, ಖಾಸಿಂಸಾಬನ ಕೈಗಳನ್ನು ಒಮ್ಮೆ ನೋಡಿದಳು.

"ಒಂದ ಗುಂಡಿ ಮ್ಯಾಲ ಎಲ್ಲಾ ಭಾರ ಹಾಕಿದ್ರ ಸಂಜಿಮಟ ಅರಿವಿ ಜಗ್ಗಿ ಜೋಲು ಬೀಳ್ತೈತಿ" ಎಂದಳು ಸುಂದರವ್ವ. "ಭಾರ ಹಂಚಬೇಕು. ಒಳಗ ಈ ಮೂರ ಹೊಲಿಗಿ ಗೆರಿ ಅದಾವಲ್ಲ, ಇವುಕ್ಕ ಹಳೇ ಸೂಜಿ ತೂತು ಇದ್ದ ಇರ್ತಾವು. ಆ ತೂತಿನಾಗ ಸೂಜಿ ತೂರಿಸ್ತೇನಿ, ಹೊಸಾದು ಒಂದೂ ಚುಚ್ಚಂಗಿಲ್ಲ. ಒಂದೊಂದು ಗೆರಿಗೆ ನಾಲ್ಕು ಕುಣಿಕಿ. ಮ್ಯಾಲ ನಡಕ್ಕ ಒಂದ ಪಟ್ಟಿ, ಅದು ಗೌನಿಗೆ ಹೊಲಿಯೂದಲ್ಲ, ಉಡದಾರ ಇದ್ದಂಗ ವಿನ್ನವ್ವನ ಮೈಗೇ ಕಟ್ಟೂದು. ಪಟ್ಟಿಯಿಂದ ಹನ್ನೆರಡು ಲಾಡಿ ಇಳಿಬಿಟ್ಟು ಹನ್ನೆರಡು ಕುಣಿಕಿಗೆ ಕೊಂಡಿ ಹಾಕೂದು. ಒಂದ ತುದಿ ಎಳದ್ರ ಬಿಚ್ಚಬೇಕು, ಎಳಿಯೂಮಟ ಬಿಚ್ಚಬಾರ್ದು."

ಇಷ್ಟು ಉದ್ದ ಮಾತನ್ನು ಅವಳ ಬಾಯಲ್ಲಿ ಆ ಮನೆಯವರು ಕೇಳಿದ್ದು ಅದೇ ಮೊದಲು.

ಖಾಸಿಂಸಾಬ ಟೇಪನ್ನು ಕೊರಳಿಂದ ತೆಗೆದು ಸುತ್ತಿದ. ಮೂವತ್ತು ವರ್ಷ ಮಶೀನು ತುಳಿದ ಮನುಷ್ಯ. ತನ್ನದಕ್ಕಿಂತ ಒಳ್ಳೆಯ ಕೆಲಸ ಕಂಡರೆ ಒಪ್ಪುವ ದೊಡ್ಡಗುಣ ಅವನಲ್ಲಿತ್ತು. "ಖರೆ ಐತ್ರಿ ಮೇಮಸಾಬ" ಎಂದ. "ಆಕಿ ಹೇಳಿದ್ದು ಮಾಡ್ರಿ. ನಡದ ಪಟ್ಟಿ ಬೇಕಾರ ನಾ ಮಶೀನಿನ ಮ್ಯಾಲ ಹೊಲದ ಕೊಡ್ತೇನಿ."

ಅತ್ತೆ ರಿಬ್ಬನ್ ಹೂವನ್ನು ಬೇಸರದಿಂದಲೇ ಪೆಟ್ಟಿಗೆಯಲ್ಲಿಟ್ಟಳು. ಮೂರನೆಯ ಬಗೆ ಗಟ್ಟಿಯಾಯಿತು.

ಮನೆಯಲ್ಲಿ ಸುದ್ದಿ ತಿಳಿದ ಮುತ್ತಪ್ಪನ ಹೆಂಡತಿ ಚಂದವ್ವ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು.

"ಯಕ್ಕಾ, ಹೊಲಿಯೂದು ಹೋಗ್ಲಿ, ಒಳಗಿನ ಕೆಲಸ, ಯಾರೂ ನೋಡಂಗಿಲ್ಲ. ಆದ್ರ ಮದುವಿ ದಿನಾ ಮದುಮಗಳ ಮೈ ಮುಟ್ಟಿ ಕಟ್ಟಾಕ ಹೋಗ್ತಿಯೇನು? ನಾಳಿ ಆ ಹುಡುಗಿಗೆ ಒಂದ ತಲಿನೋವು ಬಂದ್ರೂ ಸಾಕು, ಮಂದಿ ನಿನ್ನ ಹೆಸರ ಹೇಳ್ತಾರ. ನಿನ್ನ ತಮ್ಮ ಅದ ಸಾಹೇಬರ ಕೈಯಾಗ ದುಡಿಯೂದು."

ಚಂದವ್ವ ದುಷ್ಟೆಯಲ್ಲ. ಅತ್ತಿಗೆ ನಾದಿನಿಯರ ಜಗಳದ ಕತೆ ಬೇಕಾದವರು ಬೇರೆ ಮನೆ ನೋಡಿಕೊಳ್ಳಬೇಕು. ಅವಳಿಗೆ ಹೆದರಿಕೆ, ಅಷ್ಟೇ. ಸುಂದರವ್ವ ಸಿಡುಕಬೇಕೆಂದು ಬಾಯಿ ತೆರೆದಳು, ಸಿಡುಕಲಾಗಲಿಲ್ಲ. ಅದೇ ಹೆದರಿಕೆ ಅವಳೊಳಗೂ ಇತ್ತು. ವಿನ್ನವ್ವ ಸುಖವಾಗಿ ಬಾಳಬೇಕು ಎಂದು ಅವಳಿಗೆ ಎಷ್ಟು ಆಸೆಯಿತ್ತೆಂದರೆ, ತನ್ನ ಕೈಯಿಂದ ಏನಾದರೂ ಆಗಿಬಿಟ್ಟರೆ ಎಂಬ ಯೋಚನೆಯನ್ನೂ ತಡೆಯಲಾಗುತ್ತಿರಲಿಲ್ಲ. ಇಂದ್ರವ್ವನ ಮಾತನ್ನು ಅವಳು ಒಪ್ಪಿರಲಿಲ್ಲ, ಬಿಟ್ಟೂ ಇರಲಿಲ್ಲ.

"ಹಂಗಾದ್ರ ಕಟ್ಟೂದು ನೀ ಕಟ್ಟು" ಎಂದಳು. "ಮುತ್ತೈದಿ ಅದೀ. ನಾ ಕಲಸ್ತೇನಿ."

ಹನ್ನೆರಡು ಕುಣಿಕೆ ಹೊಲಿಯಲು ಆರು ದಿನ ಹಿಡಿಯಿತು. ಹಳೆಯ ತೂತು ಹುಡುಕಿ ಸೂಜಿ ತೂರಿಸುವುದೆಂದರೆ ಗಂಟೆಗೆ ಅರ್ಧ ಬೆರಳಿನಷ್ಟು ಕೆಲಸ. ಬೆಳಕು ಚೆನ್ನಾಗಿದ್ದಾಗ ಸಾಹೇಬರ ಮನೆಯ ಕಿಟಕಿಯ ಕೆಳಗೆ ಕುಳಿತು ಹೊಲಿಯುವಳು, ಬೆಳಕು ಇಳಿದರೆ ಎದ್ದು ಬರುವಳು. ಕತ್ತಲು ಗವ್ವೆಂದಾಗ ಚಿಮಣಿಯ ಮುಂದೆ ಆ ಸಾಟಿನ್ ಬಿಚ್ಚುವಷ್ಟು ಅವಿವೇಕಿಯಲ್ಲ ಅವಳು. ಕೊನೆಯ ನಾಲ್ಕು ದಿನ ಚಂದವ್ವನಿಗೆ ಪಾಠ. ಹಳೆಯ ಹಾಸಿಗೆಯ ಬಟ್ಟೆಯೊಂದನ್ನು ಚಂದವ್ವನ ಸೊಂಟಕ್ಕೇ ಕಟ್ಟಿ, ಅಂಗಳದಲ್ಲಿ ನಡೆಸಿ, ಕೂಡ್ರಿಸಿ, ಕಟ್ಟೆ ಹತ್ತಿಸಿ, ಇಳಿಸಿ ನೋಡಿದಳು. ಕ್ವಾರ್ಟರ್ಸಿನ ಹೆಂಗಸರು ನಳದ ಕೆಳಗೆ ಕೊಡ ತುಂಬಿ ಹರಿಯುತ್ತಿದ್ದರೂ ಬಿಟ್ಟು ನಗುತ್ತಾ ನಿಂತರು. ಆಮೇಲೆ ಬಟ್ಟೆಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು ಚಂದವ್ವನ ಕೈಯಲ್ಲಿ ಕೊಂಡಿ ಹಾಕಿಸಿದಳು. ಮೊದಲ ದಿನ ಒಂದು ತಾಸು ಹಿಡಿಯಿತು, ನಾಲ್ಕನೆಯ ದಿನ ಅರ್ಧ ತಾಸಿಗೆ ಬಂತು. ಸುಂದರವ್ವನಿಗೆ ಅದೇ ಕೆಲಸ ಐದು ನಿಮಿಷದ್ದು.

"ಮೊದಲ ನಡುವಿನ ಗೆರಿ, ಆಮ್ಯಾಲ ಎರಡೂ ಬಾಜೂ. ಹನ್ನೆರಡೂ ಬೇಕು. ಹನ್ನೊಂದ ಸಾಕಂದ್ರ ನಾ ಹನ್ನೊಂದ ಹೊಲೀತಿದ್ದೆ."

"ಹೂಂ ಯಕ್ಕಾ, ನೂರ ಸಲ ಹೇಳೀದಿ."

ಮದುವೆಯ ದಿನ ಸುಂದರವ್ವ ಹೋಗಲಿಲ್ಲ. ಕರೆ ಬಂದಿತ್ತು, ವಿನ್ನವ್ವ ತಾನೇ ಬಂದು ಕರೆದಿದ್ದಳು. ತಲೆ ಅಲ್ಲಾಡಿಸಿ ಕಳಿಸಿದ್ದಳು. ಆದರೂ ಮನೆಯಲ್ಲಿ ಕೂಡ್ರಲು ಆಗಲಿಲ್ಲ. ಪ್ಲಾಟ್‌ಫಾರ್ಮಿನ ತುದಿಗೆ ಎಂಜಿನ್ನಿಗೆ ನೀರು ಬಿಡುವ ಟಾಕಿಯಿದೆ, ಅದರ ಪಕ್ಕ ಬೇವಿನ ಮರ. ಅಲ್ಲಿಂದ, ಮದುವೆ ನಡೆಯುತ್ತಿದ್ದ ರೇಲ್ವೆ ಇನ್‌ಸ್ಟಿಟ್ಯೂಟಿನ ಬಾಗಿಲು ಕಾಣುತ್ತದೆ. ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಬೇವಿನ ಮರೆಯಲ್ಲಿ ನಿಂತಳು. ಮಂದಿ ತನ್ನನ್ನು ನೋಡಿದರೆ ತಾನೇ ತಪ್ಪು, ಯಾರೂ ನೋಡದಿದ್ದರೆ ತಪ್ಪೇನು ಎಂದು ಸಮಾಧಾನ ಹೇಳಿಕೊಂಡಳು.

ಗದಗಿನಿಂದ ಬರಬೇಕಾಗಿದ್ದ ಪಾದ್ರಿ ತಡ ಮಾಡಿದರು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬಾಗಲಕೋಟೆ ಕಡೆಯ ಸಿಗ್ನಲ್ಲು ಬಿದ್ದಾಗಿತ್ತು. ಒಳಗೆ ಏನಾಯಿತು ಎನ್ನುವುದನ್ನು ಚಂದವ್ವ ಆಮೇಲೆ ಅಳುತ್ತಾ ಹೇಳಿದಳು. ಅವಳು ನಡುವಿನ ಗೆರೆಯ ನಾಲ್ಕು ಕೊಂಡಿಗಳನ್ನು ಕಲಿಸಿದಂತೆಯೇ ಹಾಕಿದ್ದಳು. ಅಷ್ಟರಲ್ಲಿ ಗಾಡಿಯ ಸಿಳ್ಳು ಕೇಳಿತು, ಮೇಬಲ್ ಅತ್ತೆ "ಜಲ್ದಿ, ಜಲ್ದಿ" ಎಂದು ತಲೆಯ ಮೇಲೆ ನಿಂತಳು. ಗಡಿಬಿಡಿಯಲ್ಲಿ ಚಂದವ್ವನ ಕೈ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿತು. ಉಳಿದ ಸಾಟಿನ್ನನ್ನು ಸೀರೆಯ ನೆರಿಗೆಯಂತೆ ಗಬಗಬ ಮಡಿಚಿ, ಕಚ್ಚೆ ಸಿಗಿಸಿದಂತೆ ನಡದ ಪಟ್ಟಿಗೆ ಒತ್ತಿ ಸಿಗಿಸಿಬಿಟ್ಟಳು. ಇಳಕಲ್ ಸೀರೆಯಾಗಿದ್ದರೆ ಸಂಜೆಯವರೆಗೆ ಅಲುಗುತ್ತಿರಲಿಲ್ಲ. ಸಾಟಿನ್ನಿಗೆ ಆ ನಿಯತ್ತು ಎಲ್ಲಿಯದು?

ವಿನ್ನವ್ವ ಗಂಡನ ಕೈ ಹಿಡಿದು ಪ್ಲಾಟ್‌ಫಾರ್ಮಿಗೆ ಬಂದಳು. ಗಾಡಿ ಬಂದು ನಿಂತಿತ್ತು, ಎಂಜಿನ್ನು ಟಾಕಿಯ ಕೆಳಗೆ ನೀರು ಕುಡಿಯುತ್ತಿತ್ತು. ಬೇವಿನ ಮರೆಯಿಂದ ಸುಂದರವ್ವ ಗೌನಿನ ಹಿಂಭಾಗವನ್ನೇ ನೋಡಿದಳು, ಒಂದು ಚಣದಲ್ಲಿ ಗುರುತಿಸಿದಳು. ಎರಡೂ ಪಕ್ಕಗಳಲ್ಲಿ ಮಡಿಕೆ ಉಬ್ಬಿದ್ದವು. ಕೊಂಡಿ ಇಲ್ಲ ಅಲ್ಲಿ.

ಅವಳು ಹಾಗೆಂದುಕೊಳ್ಳುವಷ್ಟರಲ್ಲಿ ಬಲಗಡೆಯದು ಜಾರಿತು. ಅದರ ಹಿಂದೆಯೇ ಎಡಗಡೆಯದು. ಭಾರವೆಲ್ಲ ನಡುವಿನ ನಾಲ್ಕು ಕೊಂಡಿಗಳ ಮೇಲೆ ಬಿದ್ದು ಗೌನು ಹಿಂದಕ್ಕೆ ಜಗ್ಗಿತು. ವಿನ್ನವ್ವ ನಿಂತುಬಿಟ್ಟಳು. ಇನ್ನೊಂದು ಹೆಜ್ಜೆಯಿಟ್ಟರೆ ಸಾಟಿನ್ ಹರಿಯುತ್ತದೆ ಎಂದು ಅವಳಿಗೆ ಗೊತ್ತಾಗಿತ್ತು. ಎರಡೂ ತುದಿಗಳು ಇನ್ನೇನು ಇದ್ದಲ ಪುಡಿಗೆ ಬೀಳುವುದರಲ್ಲಿದ್ದವು. ಚಂದವ್ವ ಅವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಸುತ್ತ ನೋಡುತ್ತಿದ್ದಳು. ಮತ್ತೆ ಸಿಗಿಸಲು ಮಾತ್ರ ಅವಳಿಗೆ ಧೈರ್ಯವಾಗಲಿಲ್ಲ.

ಸುಂದರವ್ವ ಟಾಕಿಯ ಕೊಳವೆಯಿಂದ ಸೋರುತ್ತಿದ್ದ ನೀರಿಗೆ ಕೈಯೊಡ್ಡಿ ತೊಳೆದಳು. ಸೆರಗಿಗೆ ಒರೆಸಿಕೊಂಡಳು. ನಡೆದಳು.

ಪ್ಲಾಟ್‌ಫಾರ್ಮ್ ತುಂಬ ಜನ. ಗಾಡಿಯ ಕಿಟಕಿಗಳಲ್ಲಿ ತಲೆಗಳು. ಬರಿ ಹಣೆಯ, ಬರಿಗೈಯ ಹೆಂಗಸೊಬ್ಬಳು ಮದುಮಗಳ ಕಡೆ ನೆಟ್ಟಗೆ ಬರುವುದನ್ನು ಎಲ್ಲರೂ ನೋಡಿದರು. ಸುಂದರವ್ವನಿಗೆ ಅದು ಗೊತ್ತಿತ್ತು. ಆದರೂ ಹೆಜ್ಜೆ ಹಾಕಿದಳು.

"ಯಕ್ಕಾ, ನೀ ಬ್ಯಾಡ" ಎಂದಳು ಚಂದವ್ವ ಮೆಲ್ಲಗೆ. "ಮಂದಿ ನೋಡಾಕತ್ತಾರ."

"ನೋಡ್ಲಿ. ನೀ ಆ ತುದಿ ಮ್ಯಾಲ ಹಿಡಿ. ಬಿಡಬ್ಯಾಡ."

ಅವಳು ಮದುಮಗಳ ಹಿಂದೆ ಮೊಣಕಾಲೂರಿ ಕುಳಿತಳು. ಇದ್ದಲ ಪುಡಿ ಸೀರೆಗೆ ಹತ್ತಿತು, ಹತ್ತಲಿ. ಸಾಟಿನ್ ಕೆಳಗೆ ಕೈ ತೂರಿಸಿ, ನಡುವಿನ ನಾಲ್ಕನ್ನು ಬೆರಳಲ್ಲೇ ಮುಟ್ಟಿ ನೋಡಿದಳು. ಗಟ್ಟಿಯಾಗಿದ್ದವು. ಚಂದವ್ವ ಹಾಕಿದ ನಾಲ್ಕನ್ನು ಚೆನ್ನಾಗಿಯೇ ಹಾಕಿದ್ದಳು. ಹರಿಯದೆ ಉಳಿದದ್ದು ಅವುಗಳಿಂದಲೇ. ಇನ್ನು ಎಂಟು ಬೇಕು.

ಮೊದಲನೆಯ ಕೊಂಡಿ ಹಾಕಿದಳು. ಎರಡನೆಯದು. ಬೆರಳಿಗೆ ಕಣ್ಣು ಬೇಕಿರಲಿಲ್ಲ. ಸೆರಗನ್ನು ಮೈಗೆ ಕೂಡಿಸುವ ಕೆಲಸ, ಅವಳು ಹತ್ತು ವರ್ಷದವಳಿದ್ದಾಗಿನಿಂದ ಮಾಡಿದ್ದು. ಮೂರು, ನಾಲ್ಕು, ಬಲಗಡೆ ಏರಿತು. ಅವಳ ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಅದರ ಪಾಡಿಗೆ ಅದು ಇತ್ತು. ಕೈ ಅದರ ಮಾತು ಕೇಳಲಿಲ್ಲ.

"ಹಿಂದ ಯಾರು?" ವಿನ್ನವ್ವ ತಿರುಗದೆಯೇ ಕೇಳಿದಳು.

"ನಾನು."

"ಮೊದಲ ಬರಬೇಕಿತ್ತಲ್ಲ. ಎಲ್ಲಿದ್ದಿ?"

"ಟಾಕಿ ಕಡೆ ಇದ್ದೆ. ಅಲ್ಲಾಡಬ್ಯಾಡ."

ಐದು, ಆರು, ಏಳು. ಎಂಜಿನ್ನಿನ ನೀರು ನಿಂತಿತು. ಆ ಗಾಡಿಯ ಗಾರ್ಡು ಹಸಿರು ಬಾವುಟ ಬಿಚ್ಚಿ ಸಾಹೇಬರ ಮುಖ ನೋಡಿದ, ಸಾಹೇಬರು ಮಗಳ ಕಡೆ ನೋಡಿದರು. ಎಂಟು. ಸುಂದರವ್ವ ಕೈ ಹೊರಗೆ ತೆಗೆದು ಸಾಟಿನ್ನಿನ ಮೇಲೆ ಒಮ್ಮೆ ಸವರಿದಳು. ಗೌನು ಸೊಂಟದಿಂದ ಮಡಿಕೆ ಮಡಿಕೆಯಾಗಿ ಇಳಿದು, ನೆಲಕ್ಕೆ ನಾಲ್ಕು ಬೆರಳು ಮೇಲೆ ನಿಂತಿತು. ಎಲ್ಲಿ ಕಟ್ಟಿದೆ ಎಂದು ಹೊರಗೆ ಕಾಣುತ್ತಿರಲಿಲ್ಲ.

"ಆತು. ನಡಿ ಇನ್ನ."

ಹೇಳಿ, ತಲೆ ತಗ್ಗಿಸಿಕೊಂಡೇ ಎದ್ದು, ಬಂದ ದಾರಿಗೆ ತಿರುಗಿದಳು. ವಿನ್ನವ್ವ ನಡೆಯಲಿಲ್ಲ.

"ಸುಂದರಕ್ಕ, ಹಿಂದ ಕುಂತು ಕಟ್ಟಿ ಹಂಗ ಹೋಗ್ತಿಯೇನು? ಮುಂದ ಬಾ. ನನ್ನ ನೋಡೇ ಇಲ್ಲಲ್ಲ ನೀ."

ಗಾಡಿ ಇನ್ನೊಮ್ಮೆ ಸಿಳ್ಳು ಹಾಕಿತು. ಸುಂದರವ್ವ ತಿರುಗಿದಳು. ಮದುಮಗಳ ಎದುರಿಗೆ ಬಂದು ನಿಂತು ತಲೆಯೆತ್ತಿದಳು. ತಾಯಿಯ ಗೌನಿನಲ್ಲಿ ವಿನ್ನವ್ವ ಎಷ್ಟು ಚಂದ ಕಾಣುತ್ತಿದ್ದಳೆಂದರೆ ಸುಂದರವ್ವನ ಕಣ್ಣು ತುಂಬಿ ಬಂದು ಏನೂ ಕಾಣದಾಯಿತು. ವಿನ್ನವ್ವ ಹೂಗುಚ್ಛವನ್ನು ಗಂಡನ ಕೈಗೆ ಕೊಟ್ಟು, ಎಲ್ಲರೆದುರಿಗೆ ಅವಳನ್ನು ಅಪ್ಪಿಕೊಂಡಳು. ಆಮೇಲೆ ಎರಡೂ ಕೈ ಖಾಲಿ ಬಿಟ್ಟು, ಮೂರು ಮೆಟ್ಟಿಲನ್ನು ಹಳ್ಳಿ ಹುಡುಗಿಯಂತೆ ಸರಸರ ಹತ್ತಿ ಗಾಡಿಯೊಳಗೆ ಹೋದಳು. ಗೌನು ಜಾರಲಿಲ್ಲ.

ಎಂಟು ದಿನಕ್ಕೆ ಹುಬ್ಬಳ್ಳಿಯಿಂದ ಕಾರ್ಡು ಬಂತು. ಖಾಸಿಂಸಾಬ ಓದಿ ಹೇಳಿದ. ಸಂಜೆ ಕುಣಿದು ಕುಣಿದು ಗಂಡನ ಕಾಲು ಊದಿಕೊಂಡವಂತೆ, ಕೊಂಡಿ ಒಂದೂ ಬಿಚ್ಚಲಿಲ್ಲವಂತೆ.

"ಅಂದ್ರ ಎಲ್ಲಾ ಚೊಲೋ ಆತು" ಎಂದಳು ಚಂದವ್ವ, ದೊಡ್ಡ ಉಸಿರು ಬಿಟ್ಟು. "ಇನ್ನೊಂದ ವರ್ಸ ನೋಡೂಣು. ಆಕಿ ಮನ್ಯಾಗ ತೊಟ್ಟಿಲ ತೂಗಿತಂದ್ರ ಮಂದಿ ಬಾಯಿ ತಾನ ಮುಚ್ಚತೈತಿ."

ಸುಂದರವ್ವನಿಗೆ ವರ್ಷ ಕಾಯುವ ಮನಸ್ಸಿರಲಿಲ್ಲ. ಇಳಕಲ್ಲು ಬಿಟ್ಟು ವ್ಯರ್ಥವಾಗಿ ಹೋದದ್ದೇ ಆರು ವರ್ಷ. ಮರುದಿನ ಬುತ್ತಿ ಕಟ್ಟಿಕೊಂಡು ಬೆಳಗಿನ ಮೋಟಾರು ಹಿಡಿದಳು. ಹುನಗುಂದದಲ್ಲಿ ಇಳಿದು ಇನ್ನೊಂದು ಹತ್ತಿ, ಹೊತ್ತು ನೆತ್ತಿಗೇರುವಾಗ ಇಳಕಲ್ಲಿನ ಮಗ್ಗದ ಓಣಿಗೆ ಬಂದಳು. ಓಣಿಯ ಬಾಯಲ್ಲಿ ಬಾವಿಯಿದೆ. ಅಲ್ಲಿ ಒಂದು ಕೊಡ ನೀರು ಕೇಳಿಕೊಂಡು, ದಾರಿಯ ಧೂಳು ಕಳೆದುಕೊಂಡು ಹೊರಟಳು.

ಇಂದ್ರವ್ವನ ಕೂದಲು ಪೂರಾ ಬೆಳ್ಳಗಾಗಿತ್ತು. ಪಡಸಾಲೆಯಲ್ಲಿ ಮದುವೆಯ ಹಾಸು ಎಳೆದು ಕಟ್ಟಿತ್ತು. ಮೈ ಹಸಿರು, ಸೆರಗು ಕೆಂಪು, ನಡುವೆ ಇನ್ನೂ ಕೂಡದ ಎಳೆಗಳು.

"ಯಾರು, ಸುಂದ್ರಾ? ಎಷ್ಟ ವರ್ಸ ಆತವ್ವಾ! ಬಾ, ಕುಂಡ್ರು. ಮೊದಲ ಊಟ ಮಾಡು."

"ಉಣ್ಣಾಕ ಬಂದಿಲ್ಲರಿ ಅವ್ವಾರ. ಕೊಂಡಿ ಹಾಕಾಕ ಬಂದೇನಿ. ಮದುವಿ ಸೀರಿಗೆ."

ಸುಂದರವ್ವ ಬಾದಾಮಿ ಸ್ಟೇಶನ್ನಿನಲ್ಲಿ ಆದದ್ದನ್ನೆಲ್ಲ ಹೇಳಿದಳು. ಹೆಚ್ಚೂ ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ.

"ಮದುಮಗಳನ್ನ ಮುಟ್ಟಾಕ ನಿನಗ ಯಾರ ಬಿಟ್ರು?"

"ಯಾರೂ ಬಿಡಲಿಲ್ಲರಿ. ನಾನ ಹೋಗಿ ಮುಟ್ಟಿದೆ."

"ಆ ಹುಡುಗಿಗೆ ನಾಳಿ ಏನರ ಆದ್ರ?"

"ಆಗಬಹುದ್ರಿ. ಮುತ್ತೈದ್ಯಾರು ಕೊಂಡಿ ಹಾಕಿದ ಸೀರಿ ಉಟ್ಟ ನಾನೂ ಮದುವಿ ಆಗಿದ್ದೆ. ನನಗ ಆಗಲಿಲ್ಲೇನು?"

ಆ ಸೀರೆ ಇಂದ್ರವ್ವನ ಮಗ್ಗದ್ದೇ, ಕೊಂಡಿ ಇಂದ್ರವ್ವ ತಾನೇ ಹಾಕಿದ್ದು. ಇಬ್ಬರಿಗೂ ಅದು ನೆನಪಿತ್ತು. ಮುದುಕಿಯ ಕಣ್ಣು ನಿಧಾನವಾಗಿ ಪಡಸಾಲೆಯ ಹಾಸಿನ ಕಡೆ ಹೊರಳಿತು.

"ಅದು ನನ್ನ ಮೊಮ್ಮಗಳದು" ಎಂದಳು. "ಮುಂದಿನ ತಿಂಗಳ ಆಕಿ ಮದುವಿ ಅಕ್ಕಿಕಾಳು. ಮೂರು ಮಂದಿ ಕೂತು ಎದ್ದರು, ಒಬ್ಬರದೂ ನನ್ನ ಮನಸ್ಸಿಗೆ ಬರವಲ್ಲದು."

ಈ ಸಲ ಎದ್ದು ಹೋಗುವ ವಿಚಾರ ಸುಂದರವ್ವನಿಗಿರಲಿಲ್ಲ. ಇಂದ್ರವ್ವ ಮೂಲೆಯ ಮಣೆಯನ್ನು ತಂದು ಹಾಸಿನ ಮುಂದೆ ಹಾಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಎಂದಿನ ಯಜಮಾನಿಯ ದನಿ ತಂದುಕೊಂಡು ಹೇಳಿದಳು:

"ರೇಸಿಮಿ ಅದು. ಹೋಗು, ಮೊದಲ ಕೈ ತೊಳಕೊಂಡ ಬಾ."

"ತೊಳಕೊಂಡ ಬಂದೇನ್ರಿ" ಎಂದು ಸುಂದರವ್ವ ಮಣೆಯ ಮೇಲೆ ಕುಳಿತಳು.